ಒಂದು ವರ್ಷದ ಅಧಿಕಾರ

ಜನವರಿ ಒಂದು ಬಂತೆಂದರೆ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರ್ ಇಳಿದು ಹೊಸದು ಏರುತ್ತದೆ. ನಿಸರ್ಗದಲ್ಲಿ ಅಂದು ಹೊಸದೆಂಬುದು ಏನೂ ಕಾಣುವುದಿಲ್ಲ. ನಮ್ಮ ಯುಗಾದಿಗಾದರೆ ಮಾವು ಚಿಗುರಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ. ಜನವರಿ ಒಂದಕ್ಕೆ ಅಂಥ ಯಾವ ಗುರುತೂ ಇಲ್ಲ. ಹಾಗಿದ್ದೂ ವರ್ಷ ಆ ದಿನವೇ ಏಕೆ ಆರಂಭವಾಗಬೇಕು? ಉತ್ತರ ಹುಡುಕುತ್ತ ಹೋದರೆ ಪ್ರಾಚೀನ ರೋಮಿನ ಒಂದು ಆಡಳಿತದ ತೊಡಕಿನ ಮುಂದೆ ಹೋಗಿ ನಿಲ್ಲುತ್ತೇವೆ.

ಕ್ರಿ.ಪೂ. 153ರಲ್ಲಿ ರೋಮನ್ನರಿಗೆ ಸ್ಪೇನಿನ ಒಳನಾಡಿನಲ್ಲಿ ಯುದ್ಧ ಎದುರಾಗಿತ್ತು. ಸೇನೆಯನ್ನು ನಡೆಸಬೇಕಾದವನು ಆ ವರ್ಷಕ್ಕೆ ಚುನಾಯಿತನಾದ ಕಾನ್ಸಲ್. ಕಾನ್ಸಲ್‌ಗಳು ಅಧಿಕಾರ ವಹಿಸಿಕೊಳ್ಳುತ್ತಿದ್ದುದು ಮಾರ್ಚ್ 15ರಂದು. ಆಮೇಲೆ ಪಡೆ ಕೂಡಿಸಿ, ಅಷ್ಟು ದೂರ ಸಾಗಿ, ಶತ್ರುವನ್ನು ಕಾಣುವ ಹೊತ್ತಿಗೆ ಯುದ್ಧದ ಋತುವಿನ ಬಹುಪಾಲು ಕಳೆದುಹೋಗುತ್ತಿತ್ತು. ಆದ್ದರಿಂದ ಅಧಿಕಾರ ಸ್ವೀಕಾರದ ದಿನವನ್ನೇ ಜನವರಿ 1ಕ್ಕೆ ತಂದರು. ಕಾನ್ಸಲ್‌ಗಳ ವರ್ಷಾರಂಭವೇ ಕ್ರಮೇಣ ರೋಮಿನ ವರ್ಷಾರಂಭವೂ ಆಯಿತು. ಮುಂದೆ ಯೂರೋಪಿನ ಹಲವು ದೇಶಗಳಲ್ಲಿ ಬೇರೆ ಬೇರೆ ದಿನಗಳು ಬಳಕೆಗೆ ಬಂದರೂ ಕೊನೆಗೆ ಉಳಿದದ್ದು ಜನವರಿ ಒಂದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾನ್ಸಲನಿಗೆ ಒಂದು ವರ್ಷ ಸಾಲದೆಂದು ರೋಮನ್ನರು ಆ ಪದವಿಯ ಅವಧಿಯನ್ನು ಎರಡು ವರ್ಷ ಮಾಡಲಿಲ್ಲ. ವರ್ಷದ ಆರಂಭವನ್ನು ಬದಲಿಸಿದರೇ ಹೊರತು ಒಂದು ವರ್ಷ ಎಂಬ ನಿಯಮವನ್ನು ಮುಟ್ಟಲಿಲ್ಲ. ಏಕೆಂದರೆ ಅವರ ಗಣರಾಜ್ಯ ನಿಂತಿದ್ದುದೇ ಆ ನಿಯಮದ ಮೇಲೆ. ಅದು ಹೇಗೆ ಬಂತು, ಅದರ ಆಸರೆಯಲ್ಲಿ ಒಂದು ನದಿಯ ದಡದ ಊರು ಹೇಗೆ ಬೆಳೆಯಿತು, ಆ ಬೆಳವಣಿಗೆಯೇ ನಿಯಮವನ್ನು ಹೇಗೆ ಮುರಿಯಿತು ಎಂಬುದೇ ರೋಮನ್ ಗಣರಾಜ್ಯದ ಕಥೆ.

ಒಬ್ಬ ದೊರೆಯ ಬದಲು ಇಬ್ಬರು

ರೋಮನ್ನರ ಪರಂಪರೆ ಹೇಳುವಂತೆ ಆ ನಗರವನ್ನು ಮೊದಲು ಏಳು ಮಂದಿ ದೊರೆಗಳು ಆಳಿದರು. ಕೊನೆಯವನಾದ ಟಾರ್ಕ್ವಿನಿಯಸನ ದರ್ಪ ತಾಳಲಾರದೆ ಕ್ರಿ.ಪೂ. 509ರಲ್ಲಿ ಅವನನ್ನು ಓಡಿಸಲಾಯಿತು. ಈ ಕಥೆಯ ವಿವರಗಳಲ್ಲಿ ದಂತಕಥೆಯ ಪಾಲು ದೊಡ್ಡದು. ಆದರೆ ಅದರಿಂದ ರೋಮನ್ನರು ಕಲಿತ ಪಾಠ ಮಾತ್ರ ನಿಜವಾದದ್ದು. ದೊರೆ ಎಂಬ ಪದವೇ ಅವರಿಗೆ ಬೈಗುಳವಾಯಿತು.

ದೊರೆ ಹೋದರೂ ದೊರೆಯ ಕೆಲಸ ಉಳಿಯುತ್ತದೆ. ಸೇನೆ ನಡೆಸಬೇಕು, ನ್ಯಾಯ ಹೇಳಬೇಕು, ಸಭೆ ಕರೆಯಬೇಕು. ರೋಮನ್ನರು ಈ ಅಧಿಕಾರವನ್ನು ಕಡಿಮೆ ಮಾಡಲಿಲ್ಲ. ಇಬ್ಬರಿಗೆ ಒಟ್ಟಾಗಿ ಕೊಟ್ಟರು, ಅದೂ ಒಂದೇ ವರ್ಷಕ್ಕೆ. ಈ ಇಬ್ಬರೇ ಕಾನ್ಸಲ್‌ಗಳು. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಾಗಿತ್ತು. ಕಾನ್ಸಲ್ ಬೀದಿಯಲ್ಲಿ ನಡೆದರೆ ಮುಂದೆ ಹನ್ನೆರಡು ಮಂದಿ ಭಟರು ಬೆತ್ತದ ಕಟ್ಟುಗಳನ್ನು ಹೊತ್ತು ಸಾಗುತ್ತಿದ್ದರು. ಆ ಕಟ್ಟಿನಲ್ಲಿ ಕೊಡಲಿಯೂ ಇರುತ್ತಿತ್ತು. ಬೆತ್ತ ಹೊಡೆಯುವುದಕ್ಕೆ, ಕೊಡಲಿ ತಲೆ ತೆಗೆಯುವುದಕ್ಕೆ. ಆದರೆ ನಗರದೊಳಗೆ ಬರುವಾಗ ಕೊಡಲಿಯನ್ನು ತೆಗೆದಿಡಬೇಕಾಗಿತ್ತು. ಊರೊಳಗೆ ಪ್ರಜೆಯ ಪ್ರಾಣ ತೆಗೆಯುವ ಅಧಿಕಾರ ಒಬ್ಬ ಅಧಿಕಾರಿಯ ಮಾತಿಗೆ ಬಿಟ್ಟದ್ದಲ್ಲ, ಜನಸಭೆಗೆ ಮೊರೆಹೋಗುವ ಹಕ್ಕು ಪ್ರಜೆಗೆ ಉಂಟು ಎಂಬುದರ ಗುರುತು ಅದು.

ವರ್ಷದ ಕೊನೆಯಲ್ಲಿ ಕಾನ್ಸಲ್ ಮತ್ತೆ ಸಾಮಾನ್ಯ ಪ್ರಜೆ. ಅಧಿಕಾರದಲ್ಲಿದ್ದಾಗ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಇಳಿದ ಮೇಲೆ ಹೂಡಬಹುದಿತ್ತು. ಒಂದು ವರ್ಷದ ನಿಯಮದ ಹರಿತವಾದ ಅಲಗು ಇದು. ಕಡುಕಷ್ಟದ ಕಾಲದಲ್ಲಿ ಒಬ್ಬನೇ ಸರ್ವಾಧಿಕಾರಿಯನ್ನು ನೇಮಿಸುವ ಪದ್ಧತಿಯೂ ಇತ್ತು, ಆದರೆ ಹೆಚ್ಚೆಂದರೆ ಆರು ತಿಂಗಳಿಗೆ. ಹೊಲ ಉಳುತ್ತಿದ್ದ ಸಿನ್ಸಿನೇಟಸ್ ಕ್ರಿ.ಪೂ. 458ರಲ್ಲಿ ಕರೆ ಬಂದಾಗ ನೇಗಿಲು ಬಿಟ್ಟು ಹೋಗಿ, ಶತ್ರುವನ್ನು ಸೋಲಿಸಿ, ಹದಿನೈದು ಹದಿನಾರು ದಿನಗಳಲ್ಲೇ ಅಧಿಕಾರ ಒಪ್ಪಿಸಿ ಹೊಲಕ್ಕೆ ಮರಳಿದ ಕಥೆಯನ್ನು ರೋಮನ್ನರು ಮಕ್ಕಳಿಗೆ ಹೇಳುತ್ತಿದ್ದರು.

ಕಾನ್ಸಲ್‌ಗಳು ಬಂದು ಹೋಗುವವರಾದರೆ, ಉಳಿಯುವ ಸಂಸ್ಥೆ ಸೆನೆಟ್. 'ಮುದುಕ' ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ನಮ್ಮಲ್ಲಿ 'ಹಿರಿಯರು' ಎಂದಂತೆ. ಸುಮಾರು 300 ಸದಸ್ಯರು. ಒಮ್ಮೆ ಒಳಹೊಕ್ಕವರು ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತಿದ್ದರು. ಕಾಗದದ ಮೇಲೆ ಸೆನೆಟ್ ಕೊಡುತ್ತಿದ್ದುದು ಸಲಹೆ ಮಾತ್ರ. ಆದರೆ ಖಜಾನೆ, ವಿದೇಶ ವ್ಯವಹಾರ, ಯಾವ ಸೇನಾನಿಯನ್ನು ಎಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಅದರ ಕೈಯಲ್ಲಿದ್ದವು. ಮುಂದಿನ ವರ್ಷ ತಾನೂ ಆ ಬೆಂಚಿನಲ್ಲಿ ಕೂರಬೇಕಾದ ಕಾನ್ಸಲ್ ಹಿರಿಯರ ಸಲಹೆಯನ್ನು ಸುಲಭವಾಗಿ ತಳ್ಳಿಹಾಕುತ್ತಿರಲಿಲ್ಲ.

ಜನರ ಬಾಗಿಲು

ಇದನ್ನೆಲ್ಲ ಕೇಳಿ ರೋಮ್ ಪ್ರಜಾಪ್ರಭುತ್ವವಾಗಿತ್ತೆಂದು ಭಾವಿಸಬಾರದು. ಗುಲಾಮರಿಗೂ ಹೆಂಗಸರಿಗೂ ಮತವಿರಲಿಲ್ಲ. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ಪ್ರಜೆಗಳನ್ನು ಆಸ್ತಿಗೆ ತಕ್ಕಂತೆ 193 ಗುಂಪುಗಳಾಗಿ ಹಂಚಿದ್ದರು. ಒಂದು ಗುಂಪಿಗೆ ಒಂದು ಮತ. ಆರಂಭದ ವ್ಯವಸ್ಥೆಯಲ್ಲಿ ಕುದುರೆ ಸವಾರರ 18 ಗುಂಪುಗಳು, ಮೊದಲ ದರ್ಜೆಯ ಸಿರಿವಂತರ 80 ಗುಂಪುಗಳು ಸೇರಿದರೆ 98. ಅಷ್ಟಕ್ಕೇ ಬಹುಮತ ಮುಗಿಯಿತು. ಆಸ್ತಿಯೇ ಇಲ್ಲದ ಬಡವರೆಲ್ಲ ಸೇರಿ ಒಂದೇ ಗುಂಪು. ಬಹುಮತ ಸಿಕ್ಕ ಕೂಡಲೇ ಎಣಿಕೆ ನಿಲ್ಲುತ್ತಿದ್ದುದರಿಂದ ಅವರ ಸರದಿ ಬರುತ್ತಿದ್ದುದೇ ಅಪರೂಪ.

ಅದರ ಮೇಲೆ ಹುಟ್ಟಿನ ಭೇದ. ಪೆಟ್ರೀಷಿಯನ್ನರೆಂಬ ಕೆಲವು ಹಳೆಯ ಮನೆತನಗಳವರು ಪದವಿಗಳನ್ನೂ ಪೌರೋಹಿತ್ಯವನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದರು. ಉಳಿದವರು ಪ್ಲೀಬಿಯನ್ನರು. ಯುದ್ಧಕ್ಕೆ ಹೋದ ಪ್ಲೀಬಿಯನ್ ರೈತ ಹಿಂದಿರುಗುವಾಗ ಹೊಲ ಬೀಳಾಗಿರುತ್ತಿತ್ತು, ಸಾಲ ಬೆಳೆದಿರುತ್ತಿತ್ತು. ಸಾಲ ತೀರಿಸಲಾಗದವನು ಸಾಲಗಾರನ ಮನೆಯಲ್ಲಿ ಜೀತಕ್ಕೆ ಬೀಳಬೇಕು. ನಮ್ಮ ನೆಲದಲ್ಲೂ ಅಪರಿಚಿತವಲ್ಲದ ಕಥೆ.

ಪರಂಪರೆಯ ಪ್ರಕಾರ ಕ್ರಿ.ಪೂ. 494ರಲ್ಲಿ ಪ್ಲೀಬಿಯನ್ ಸೈನಿಕರು ದೊಂಬಿ ಮಾಡಲಿಲ್ಲ. ಊರು ಬಿಟ್ಟು ಹೊರಟು ಸಮೀಪದ ಬೆಟ್ಟದ ಮೇಲೆ ಹೋಗಿ ಕುಳಿತರು. ಪಡೆಯೇ ಇಲ್ಲದ ನಗರ ಏನು ಮಾಡೀತು? ಮೆನೇನಿಯಸ್ ಅಗ್ರಿಪ್ಪ ಎಂಬವನನ್ನು ರಾಜಿಗೆ ಕಳಿಸಿದರು. ಕೂತು ತಿನ್ನುವ ಹೊಟ್ಟೆಯ ವಿರುದ್ಧ ಕೈ, ಬಾಯಿ, ಹಲ್ಲುಗಳು ಮುಷ್ಕರ ಹೂಡಿ ಕೊನೆಗೆ ತಾವೇ ಸೊರಗಿದ ಕಥೆಯನ್ನು ಆತ ಹೇಳಿದನಂತೆ. ಆದರೆ ಪ್ಲೀಬಿಯನ್ನರು ಬರಿಯ ಕಥೆ ಕೇಳಿ ಮರಳಲಿಲ್ಲ. ತಮ್ಮವರೇ ಆದ ಟ್ರಿಬ್ಯೂನ್‌ಗಳನ್ನು ಪಡೆದು ಮರಳಿದರು.

ಟ್ರಿಬ್ಯೂನನ ಪದವಿ ಜಗತ್ತಿನ ರಾಜಕೀಯ ಇತಿಹಾಸದಲ್ಲೇ ವಿಶಿಷ್ಟವಾದದ್ದು. ಅವನಿಗೆ ಸೇನೆಯಿಲ್ಲ, ಭಟರಿಲ್ಲ. ಇದ್ದದ್ದು ತಡೆಯುವ ಅಧಿಕಾರ. ಕಾನ್ಸಲನ ಆಜ್ಞೆಯಾಗಲಿ, ಸೆನೆಟ್ಟಿನ ನಿರ್ಣಯವಾಗಲಿ, 'ತಡೆಯುತ್ತೇನೆ' ಎಂದು ಅವನು ಹೇಳಿದರೆ ಮುಗಿಯಿತು. ವಿಶ್ವಸಂಸ್ಥೆಯ ಸುದ್ದಿಯಲ್ಲಿ ನಾವು ಓದುವ 'ವೀಟೋ' ಎಂಬ ಪದ ಈ ಅರ್ಥದ ಲ್ಯಾಟಿನ್ ಮಾತೇ. ಅವನ ಮೈ ಮುಟ್ಟಿದವನನ್ನು ಕೊಂದರೂ ತಪ್ಪಿಲ್ಲವೆಂದು ಪ್ಲೀಬಿಯನ್ನರು ಆಣೆ ಇಟ್ಟಿದ್ದರು. ಪ್ರತಿಯಾಗಿ ಟ್ರಿಬ್ಯೂನ್ ರಾತ್ರಿ ನಗರ ಬಿಟ್ಟು ಹೋಗುವಂತಿಲ್ಲ. ಅವನ ಮನೆಯ ಬಾಗಿಲು ಹಗಲೂ ರಾತ್ರಿಯೂ ತೆರೆದಿರಬೇಕು. ಕಷ್ಟಕ್ಕೆ ಸಿಕ್ಕವನು ಯಾವ ಹೊತ್ತಿಗೆ ಬಂದರೂ ಒಳಬಿಡಬೇಕು. ಮುಂದೆ ಟ್ರಿಬ್ಯೂನ್‌ಗಳ ಸಂಖ್ಯೆ ಹತ್ತಾಯಿತು. ಅವರದ್ದೂ ಒಂದೇ ವರ್ಷದ ಅಧಿಕಾರ.

ಅನಂತರದ ಗೆಲುವುಗಳು ಒಂದೊಂದಾಗಿ, ಹಟದಿಂದ ಬಂದವು. ಕ್ರಿ.ಪೂ. 451-450ರಲ್ಲಿ ಹನ್ನೆರಡು ಫಲಕಗಳಲ್ಲಿ ಕಾನೂನನ್ನು ಬರೆಸಲಾಯಿತು. 367ರಲ್ಲಿ ಪ್ಲೀಬಿಯನ್ನರಿಗೆ ಕಾನ್ಸಲ್ ಪದವಿ ತೆರೆಯಿತು. ಲಿವಿಯ ಇತಿಹಾಸದ ಪ್ರಕಾರ 326ರಲ್ಲಿ ಸಾಲದ ಜೀತ ರದ್ದಾಯಿತು. 287ರಲ್ಲಿ ಪ್ಲೀಬಿಯನ್ನರ ಸಭೆಯ ನಿರ್ಣಯ ಎಲ್ಲ ರೋಮನ್ನರಿಗೂ ಕಾನೂನು ಎಂದಾಯಿತು. ಇನ್ನೂರು ವರ್ಷಗಳ ಈ ಜಗಳ ಹೆಚ್ಚಿನ ರಕ್ತಪಾತವಿಲ್ಲದೆ ನಡೆಯಿತೆಂಬುದು ಸಣ್ಣ ಮಾತಲ್ಲ. ಎದುರಾಳಿಯ ಕೈಯಲ್ಲಿ ಅಧಿಕಾರವಿದ್ದರೂ ವರ್ಷ ಕಳೆದರೆ ಅದು ಮುಗಿಯುತ್ತದೆ ಎಂಬ ಭರವಸೆಗೆ ಈ ತಾಳ್ಮೆಯಲ್ಲಿ ಪಾಲಿದ್ದಿರಬೇಕು.

ಗೆದ್ದವರನ್ನು ಸೇರಿಸಿಕೊಂಡ ಊರು

ಇದೇ ಅವಧಿಯಲ್ಲಿ ರೋಮ್ ಹೊರಗೂ ಬೆಳೆಯಿತು. ಕ್ರಿ.ಪೂ. 396ರಲ್ಲಿ ನೆರೆಯ ವೇಯಿ ನಗರವನ್ನು ಗೆದ್ದಿತು. ಕೆಲವೇ ವರ್ಷಗಳಲ್ಲಿ ಗಾಲರ ಕೈಯಲ್ಲಿ ತಾನೇ ಲೂಟಿಯಾಯಿತು; ಮತ್ತೆ ಎದ್ದಿತು. 338ರಲ್ಲಿ ಬಂಡೆದ್ದಿದ್ದ ಲ್ಯಾಟಿನ್ ಊರುಗಳನ್ನು ಸೋಲಿಸಿದಾಗ ಅದು ಮಾಡಿದ ಏರ್ಪಾಡು ಮುಂದಿನ ಎಲ್ಲ ಬೆಳವಣಿಗೆಗೆ ಅಡಿಪಾಯವಾಯಿತು. ಕೆಲವು ಊರುಗಳಿಗೆ ಪೂರ್ಣ ಪೌರತ್ವ, ಕೆಲವಕ್ಕೆ ಮತವಿಲ್ಲದ ಪೌರತ್ವ, ಉಳಿದವಕ್ಕೆ ಮಿತ್ರರೆಂಬ ಹೆಸರು. ಮಿತ್ರರು ಕಪ್ಪ ಕೊಡಬೇಕಾಗಿರಲಿಲ್ಲ. ಯುದ್ಧಕ್ಕೆ ಸೈನಿಕರನ್ನು ಕೊಡಬೇಕಾಗಿತ್ತು. ಗೆದ್ದರೆ ಲೂಟಿಯಲ್ಲಿ ಅವರಿಗೂ ಪಾಲು.

ಪೌರತ್ವದ ವಿಷಯದಲ್ಲಿ ರೋಮ್ ಗ್ರೀಕ್ ನಗರಗಳಿಗಿಂತ ಉದಾರವಾಗಿತ್ತು. ಅಥೆನ್ಸಿನಲ್ಲಿ ಕ್ರಿ.ಪೂ. 451ರ ಕಾನೂನಿನಂತೆ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪ್ರಜೆ. ರೋಮಿನಲ್ಲಾದರೆ ರೋಮನ್ ಒಡೆಯ ಕ್ರಮವಾಗಿ ಬಿಡುಗಡೆ ಮಾಡಿದ ಗುಲಾಮನೂ ಪ್ರಜೆಯಾಗುತ್ತಿದ್ದ. ರೋಮಿನ ಶತ್ರುವಾಗಿದ್ದ ಮ್ಯಾಸಿಡೋನಿಯಾದ ದೊರೆ ಐದನೆಯ ಫಿಲಿಪ್ ಕೂಡ ಲಾರಿಸಾ ಎಂಬ ಗ್ರೀಕ್ ಊರಿನವರಿಗೆ ಬರೆದ ಪತ್ರದಲ್ಲಿ, ರೋಮನ್ನರು ಗುಲಾಮರಿಗೂ ಪೌರತ್ವ ಕೊಟ್ಟು ಬಲಿಯುತ್ತಿರುವುದನ್ನು ನೋಡಿ ಕಲಿಯಿರಿ ಎಂದು ಬುದ್ಧಿ ಹೇಳಿದ್ದಾನೆ. ಆ ಪತ್ರ ಕಲ್ಲಿನ ಶಾಸನವಾಗಿ ಉಳಿದುಬಂದಿದೆ.

ಈ ಏರ್ಪಾಡಿನ ಬೆಲೆ ತಿಳಿದದ್ದು ಹ್ಯಾನಿಬಾಲ್ ಬಂದಾಗ. ಕಾರ್ತೇಜಿನ ಈ ಸೇನಾನಿ ಆಲ್ಪ್ಸ್ ದಾಟಿ ಇಟಲಿಗೆ ಇಳಿದ. ಕ್ರಿ.ಪೂ. 216ರಲ್ಲಿ ಕ್ಯಾನಿ ಎಂಬಲ್ಲಿ ಒಂದೇ ದಿನ ಹತ್ತಾರು ಸಾವಿರ ರೋಮನ್ ಸೈನಿಕರನ್ನು ಕೊಂದ. ಅಂದು ಇಬ್ಬರು ಕಾನ್ಸಲ್‌ಗಳೂ ಕಣದಲ್ಲಿದ್ದರು; ದಿನ ಬಿಟ್ಟು ದಿನ ಒಬ್ಬೊಬ್ಬರು ಸೇನೆ ನಡೆಸುತ್ತಿದ್ದರು. ಒಬ್ಬ ಸತ್ತ. ಬದುಕಿ ಬಂದ ಇನ್ನೊಬ್ಬನಿಗೆ, ಗಣರಾಜ್ಯದ ಬಗ್ಗೆ ನಿರಾಶನಾಗದೆ ಮರಳಿದ್ದಕ್ಕಾಗಿ ನಗರ ಕೃತಜ್ಞತೆ ಹೇಳಿತೆಂದು ಲಿವಿ ಬರೆದಿದ್ದಾನೆ. ದಕ್ಷಿಣದ ಹಲವು ಮಿತ್ರರು ಶತ್ರುವಿನ ಕಡೆ ವಾಲಿದರೂ ಲ್ಯಾಟಿನ್ ಊರುಗಳೂ ನಡು ಇಟಲಿಯೂ ರೋಮಿನ ಕೈ ಬಿಡಲಿಲ್ಲ. ಹ್ಯಾನಿಬಾಲ್ ಗೆದ್ದದ್ದು ಯುದ್ಧಗಳನ್ನು. ರೋಮಿನ ಸಂಬಂಧಗಳನ್ನು ಅವನಿಗೆ ಗೆಲ್ಲಲಾಗಲಿಲ್ಲ. 202ರಲ್ಲಿ ಆಫ್ರಿಕದ ಜಾಮಾದಲ್ಲಿ ಸಿಪಿಯೊ ಅವನನ್ನು ಸೋಲಿಸಿದ.

ಮುಂದಿನದು ನಾಗಾಲೋಟ. ಸಿಸಿಲಿ, ಸಾರ್ಡೀನಿಯಾ ಅದಕ್ಕೂ ಮೊದಲೇ ಪ್ರಾಂತಗಳಾಗಿದ್ದವು; ಈಗ ಸ್ಪೇನೂ ಆ ಸಾಲಿಗೆ ಸೇರಿತು. ಕ್ರಿ.ಪೂ. 146ರ ಒಂದೇ ವರ್ಷದಲ್ಲಿ ಕಾರ್ತೇಜ್ ಮತ್ತು ಗ್ರೀಸಿನ ಕೊರಿಂತ್ ಎರಡೂ ನೆಲಸಮವಾದವು. ಒತ್ತೆಯಾಳಾಗಿ ರೋಮಿಗೆ ಬಂದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಈ ಬೆಳವಣಿಗೆಗೆ ಬೆರಗಾಗಿ ಕಾರಣ ಹುಡುಕಿದ. ಕಾನ್ಸಲ್‌ಗಳಲ್ಲಿ ರಾಜಸತ್ತೆ, ಸೆನೆಟ್ಟಿನಲ್ಲಿ ಕುಲೀನರ ಆಳ್ವಿಕೆ, ಸಭೆಗಳಲ್ಲಿ ಜನಸತ್ತೆ, ಈ ಮೂರೂ ಒಂದನ್ನೊಂದು ಹಿಡಿದಿಟ್ಟಿವೆ ಎಂಬುದು ಅವನು ಕಂಡ ಉತ್ತರ. ಅಮೆರಿಕದ ಸಂವಿಧಾನ ರಚಿಸಿದವರ ಚರ್ಚೆಗಳವರೆಗೂ ಈ ವಿಚಾರದ ಪ್ರಭಾವ ಹರಿಯಿತು.

ನಿಯಮಕ್ಕೆ ಬಿದ್ದ ಬಿರುಕು

ಆದರೆ ಪಾಲಿಬಿಯಸ್ ಮೆಚ್ಚಿದ ಕಟ್ಟಡದಲ್ಲಿ ಬಿರುಕು ಆಗಲೇ ಇತ್ತು. ಅದನ್ನು ಕಾಣಬೇಕಾದರೆ ಸಾಲದ ಜೀತ ರದ್ದಾದ ಕ್ರಿ.ಪೂ. 326ಕ್ಕೇ ಹಿಂದಿರುಗಬೇಕು. ಆಗ ಪಬ್ಲಿಲಿಯಸ್ ಫಿಲೊ ಎಂಬ ಕಾನ್ಸಲ್ ಇಂದಿನ ನೇಪಲ್ಸ್ ನಗರಕ್ಕೆ ಮುತ್ತಿಗೆ ಹಾಕಿದ್ದ. ಗೆಲುವು ಕೈಗೆ ಬರುವಂತಿತ್ತು, ವರ್ಷ ಮುಗಿಯುತ್ತಿತ್ತು. ಅವನನ್ನು ಕರೆಸಿಕೊಳ್ಳುವುದು ಅವಿವೇಕವೆನಿಸಿತು. ಕಾನ್ಸಲ್ ಪದವಿ ಮುಗಿದರೂ ಕಾನ್ಸಲನ ಬದಲಾಗಿ ಸೇನೆ ನಡೆಸುವ ಅಧಿಕಾರವನ್ನು ಯುದ್ಧ ಮುಗಿಯುವವರೆಗೆ ಮುಂದುವರಿಸಿದರು. ಮೊದಲ ಬಾರಿ ನಡೆದ ಈ ವಿಸ್ತರಣೆ ಆ ಹೊತ್ತಿಗೆ ತೀರ ಸಮಂಜಸವಾದದ್ದೇ.

ಊರಿನಿಂದ ಹೊರಟು ಬೇಸಿಗೆಯಲ್ಲಿ ಹೋರಾಡಿ ಸುಗ್ಗಿಗೆ ಮರಳುವ ಕಾಲಕ್ಕೆ ಒಂದು ವರ್ಷ ಸಾಕಾಗಿತ್ತು. ಕಡಲಾಚೆಯ ಪ್ರಾಂತಗಳಿಗೆ ಸಾಲದು. ಅಪವಾದ ರೂಢಿಯಾಯಿತು. ಪ್ರಾಂತಕ್ಕೆ ಹೋದವನ ಪಕ್ಕದಲ್ಲಿ ತಡೆಯಲು ಜೊತೆಗಾರನಿಲ್ಲ, ಟ್ರಿಬ್ಯೂನ್ ಇಲ್ಲ. ಊರಾಚೆ ಕಟ್ಟಿನಲ್ಲಿ ಕೊಡಲಿಯೂ ಇದೆ. ಕ್ರಿ.ಪೂ. 167ರ ಹೊತ್ತಿಗೆ ಮ್ಯಾಸಿಡೋನಿಯಾದ ಸಂಪತ್ತು ಎಷ್ಟು ಬಂತೆಂದರೆ ಇಟಲಿಯ ರೋಮನ್ ಪ್ರಜೆಗಳ ಮೇಲಿನ ನೇರ ತೆರಿಗೆಯನ್ನೇ ನಿಲ್ಲಿಸಲಾಯಿತು.

ಸಂಪತ್ತು ಎಲ್ಲರಿಗೂ ಸಮನಾಗಿ ಬರಲಿಲ್ಲ. ವರ್ಷಗಟ್ಟಲೆ ಯುದ್ಧದಲ್ಲಿ ದೂರವಿದ್ದ ಹಲವು ರೈತರ ಹೊಲ ಸಿರಿವಂತರ ಪಾಲಾಯಿತು. ದುಡಿಯಲು ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರಿದ್ದರು. ಕ್ರಿ.ಪೂ. 133ರಲ್ಲಿ ಟ್ರಿಬ್ಯೂನ್ ಆದ ಟೈಬೀರಿಯಸ್ ಗ್ರಾಕಸ್, ಸರ್ಕಾರಿ ಜಮೀನನ್ನು ಹಿಡಿದುಕೊಂಡವರಿಗೆ ಸುಮಾರು 300 ಎಕರೆಯ ಮಿತಿ ಹಾಕಿ ಉಳಿದದ್ದನ್ನು ಬಡವರಿಗೆ ಹಂಚುವ ಮಸೂದೆ ತಂದ. ಭೂಸುಧಾರಣೆಯ ಗದ್ದಲ ಕಂಡ ನಮಗೆ ಮುಂದಿನದು ಊಹೆಗೆ ಸಿಗದ್ದಲ್ಲ. ಇನ್ನೊಬ್ಬ ಟ್ರಿಬ್ಯೂನ್ ತಡೆ ಒಡ್ಡಿದ. ಟೈಬೀರಿಯಸ್ ಸಭೆಯ ಮತದಿಂದ ಅವನನ್ನು ಪದವಿಯಿಂದಲೇ ಇಳಿಸಿದ. ಆಮೇಲೆ ತಾನು ಎರಡನೆಯ ವರ್ಷಕ್ಕೂ ಸ್ಪರ್ಧಿಸಲು ಹೊರಟ. ಉದ್ದೇಶ ಒಳ್ಳೆಯದೇ. ಆದರೆ ತಡೆಯುವ ಹಕ್ಕನ್ನೂ ವರ್ಷದ ಮಿತಿಯನ್ನೂ ಒಟ್ಟಿಗೆ ಅಲುಗಿಸಿದಂತಾಯಿತು. ದೊರೆಯಾಗಲು ಹವಣಿಸಿದ್ದಾನೆಂದು ಕೂಗುತ್ತ ಸೆನೆಟ್ಟಿನವರು ಅವನನ್ನೂ ಸುಮಾರು 300 ಬೆಂಬಲಿಗರನ್ನೂ ದೊಣ್ಣೆಗಳಿಂದ, ಮುರಿದ ಬೆಂಚಿನ ಕಾಲುಗಳಿಂದ ಹೊಡೆದು ಕೊಂದು ಹೆಣಗಳನ್ನು ಟೈಬರ್ ನದಿಗೆ ಎಸೆದರು. ಮೈ ಮುಟ್ಟಬಾರದ ಟ್ರಿಬ್ಯೂನನನ್ನು ಹಾಡುಹಗಲೇ ಕೊಲ್ಲಬಹುದೆಂದು ತೋರಿಸಿದವರು ಸಂಪ್ರದಾಯದ ರಕ್ಷಕರೇ. ಹನ್ನೆರಡು ವರ್ಷಗಳ ನಂತರ ಅವನ ತಮ್ಮ ಗೈಯಸನಿಗೂ ಅದೇ ಗತಿಯಾಯಿತು.

ಮುಂದಿನ ಬಿರುಕು ಸೇನೆಯಲ್ಲಿ. ಮೇರಿಯಸ್ ಕ್ರಿ.ಪೂ. 107ರಲ್ಲಿ ಆಸ್ತಿಯಿಲ್ಲದವರನ್ನೂ ಸೇನೆಗೆ ಸೇರಿಸಿಕೊಂಡ. ಹಿಂದಿರುಗಿ ಹೋಗಲು ಹೊಲವಿಲ್ಲದ ಸೈನಿಕನಿಗೆ ಯುದ್ಧ ಮುಗಿದ ಮೇಲೆ ಜಮೀನು ಬೇಕು. ಅದನ್ನು ಕೊಡಿಸುವ ಹೊಣೆಯನ್ನು ಸೆನೆಟ್ ಹೊರಲಿಲ್ಲ, ಸೇನಾನಿ ಹೊತ್ತ. ನಿಷ್ಠೆಯೂ ಅತ್ತಲೇ ಹರಿಯಿತು. ಉತ್ತರದ ಆಕ್ರಮಣಕಾರರ ಭಯದಲ್ಲಿ ಜನ ಮೇರಿಯಸನನ್ನು 104ರಿಂದ 100ರವರೆಗೆ ಸತತ ಐದು ವರ್ಷ ಕಾನ್ಸಲ್ ಮಾಡಿದರು. 88ರಲ್ಲಿ ತನಗೆ ಸಿಕ್ಕಿದ್ದ ಪೂರ್ವದ ಯುದ್ಧದ ನಾಯಕತ್ವವನ್ನು ಕಿತ್ತುಕೊಂಡಾಗ ಸುಲ್ಲಾ ಸೇನೆಯೊಡನೆ ರೋಮಿನ ಮೇಲೇ ನಡೆದ. ಅವನ ಅಧಿಕಾರಿಗಳಲ್ಲಿ ಒಬ್ಬನ ಹೊರತು ಎಲ್ಲರೂ ಬಿಟ್ಟುಹೋದರು. ಸಾಮಾನ್ಯ ಸೈನಿಕರು ಹಿಂಬಾಲಿಸಿದರು. ಇದೇ ಕಾಲದಲ್ಲಿ ಇಟಲಿಯ ಮಿತ್ರರು ಪೌರತ್ವಕ್ಕಾಗಿ ದಂಗೆಯೆದ್ದು ರಕ್ತ ಚೆಲ್ಲಿ ಅದನ್ನು ಪಡೆಯಬೇಕಾಯಿತು. ಎರಡೂವರೆ ಶತಮಾನದ ಹಿಂದೆ ಕೊಡಲು ತಿಳಿದಿದ್ದ ನಗರಕ್ಕೆ ಆ ಗುಣ ಮರೆತಿತ್ತು.

ಉಳಿದ ಹೆಸರು

ರೋಮನ್ನರು ವರ್ಷಗಳನ್ನು ಆಯಾ ಕಾನ್ಸಲ್‌ಗಳ ಹೆಸರಿನಿಂದ ಕರೆಯುತ್ತಿದ್ದರು. ಕ್ರಿ.ಪೂ. 59 'ಬಿಬ್ಯುಲಸ್ ಮತ್ತು ಸೀಸರ್' ವರ್ಷ. ಆದರೆ ಸೀಸರನ ಬೆಂಬಲಿಗರ ಹೊಡೆತಕ್ಕೆ ಹೆದರಿ ಬಿಬ್ಯುಲಸ್ ಮನೆ ಸೇರಿಬಿಟ್ಟ. ಊರಿನ ಕಿಡಿಗೇಡಿಗಳು ಅದನ್ನು 'ಜೂಲಿಯಸ್ ಮತ್ತು ಸೀಸರ್' ವರ್ಷವೆಂದು ಕರೆದು ನಕ್ಕರು. ನಗೆಯ ಹಿಂದೆ ಇದ್ದ ಸತ್ಯ ಕಹಿಯಾದದ್ದು: ಇಬ್ಬರು ಎಂಬ ನಿಯಮ ಸತ್ತಿತ್ತು. ವರ್ಷದ ನಿಯಮವೂ ಉಳಿಯಲಿಲ್ಲ. ಸೀಸರನಿಗೆ ಗಾಲ್ ಪ್ರಾಂತದ ಅಧಿಕಾರವನ್ನು ಮೊದಲು ಐದು ವರ್ಷಕ್ಕೆ, ಮತ್ತೆ ಐದು ವರ್ಷಕ್ಕೆ ಕೊಡಲಾಯಿತು. ಅಧಿಕಾರ ಬಿಟ್ಟು ಸಾಮಾನ್ಯ ಪ್ರಜೆಯಾಗಿ ಬಂದರೆ ಶತ್ರುಗಳು ಮೊಕದ್ದಮೆಗೆ ಕಾದಿದ್ದರು. 49ರಲ್ಲಿ ಅವನು ಸೇನೆಯೊಡನೆ ರೂಬಿಕಾನ್ ಹೊಳೆ ದಾಟಿದ. ಆರು ತಿಂಗಳಿನ ಸರ್ವಾಧಿಕಾರ ಅವನ ಕೈಯಲ್ಲಿ ಹತ್ತು ವರ್ಷದ್ದಾಯಿತು, 44ರಲ್ಲಿ ಜೀವಮಾನದ್ದಾಯಿತು. ಆ ಮಾರ್ಚ್ 15ರಂದು, ಹಿಂದೊಮ್ಮೆ ಹೊಸ ಕಾನ್ಸಲ್‌ಗಳು ಅಧಿಕಾರ ವಹಿಸಿಕೊಳ್ಳುತ್ತಿದ್ದ ದಿನವೇ, ಸೆನೆಟ್ ಸಭೆಯಲ್ಲಿ ಅವನ ಕೊಲೆಯಾಯಿತು.

ಕೊಂದವರು ಗಣರಾಜ್ಯ ಮರಳೀತೆಂದು ನಂಬಿದ್ದರು. ಸೀಸರನ ದತ್ತುಮಗ ಆಗಸ್ಟಸ್ ಅವರಿಗಿಂತ ಜಾಣ. ಕ್ರಿ.ಪೂ. 27ರಲ್ಲಿ ಅಧಿಕಾರವನ್ನೆಲ್ಲ ಸೆನೆಟ್ಟಿಗೂ ಜನರಿಗೂ ಒಪ್ಪಿಸುವುದಾಗಿ ಘೋಷಿಸಿದ. ಚುನಾವಣೆಗಳು ನಡೆದವು, ವರ್ಷಕ್ಕೆ ಕಾನ್ಸಲ್‌ಗಳು ಬಂದರು. ಸೇನೆಯಿದ್ದ ಪ್ರಾಂತಗಳು ಮಾತ್ರ ಬಹುಪಾಲು ಅವನಲ್ಲೇ ಉಳಿದವು. 23ರಲ್ಲಿ ಟ್ರಿಬ್ಯೂನನ ಅಧಿಕಾರವನ್ನು ಪದವಿಯಿಲ್ಲದೆಯೇ ಜೀವಮಾನಕ್ಕೆ ಪಡೆದ. ಬಡವನಿಗಾಗಿ ತೆರೆದಿಟ್ಟ ಬಾಗಿಲು ಚಕ್ರವರ್ತಿಯ ಅರಮನೆಯ ಬಾಗಿಲಾಯಿತು.

ಇದರ ಸಾಕ್ಷಿ ಹುಡುಕಲು ರೋಮಿನವರೆಗೆ ಹೋಗಬೇಕಾಗಿಲ್ಲ. ಅಂದಿನ ವ್ಯಾಪಾರದ ಫಲವಾಗಿ ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಭಾರತದಲ್ಲಿ ಸಿಕ್ಕಿರುವ ಆಗಸ್ಟಸನ ನಾಣ್ಯಗಳಲ್ಲಿ ಒಂದು ಬಗೆ ಬಹಳ ಸಾಮಾನ್ಯ. ಒಂದು ಮುಖದಲ್ಲಿ ಅವನ ತಲೆ. ಇನ್ನೊಂದರಲ್ಲಿ ಗುರಾಣಿ ಭರ್ಜಿಗಳೊಡನೆ ನಿಂತ ಅವನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಷಿಯಸ್. ಸುತ್ತಲಿನ ಬರಹದಲ್ಲಿ ಅವರನ್ನು 'ನಿಯೋಜಿತ ಕಾನ್ಸಲ್‌ಗಳು' ಎಂದು ಕರೆದಿದೆ. ಗಣರಾಜ್ಯದ ಕೊನೆಯ ಕಾಲದ ನಿಯಮದಂತೆ ಕಾನ್ಸಲ್ ಆಗಲು 42 ವರ್ಷ ತುಂಬಬೇಕಿತ್ತು. ಗೈಯಸನನ್ನು ಆ ಪದವಿಗೆ ಗೊತ್ತುಮಾಡಿದಾಗ ಅವನಿಗೆ ಹದಿನೈದರ ಆಸುಪಾಸು.

ಕಾನ್ಸಲ್ ಎಂಬ ಪದವಿ ಕ್ರಿ.ಶ. 541ರವರೆಗೂ ನಡೆಯಿತು. ಬಿರುದು, ಭಟರು, ಬೆತ್ತದ ಕಟ್ಟು, ವರ್ಷಕ್ಕೊಂದು ಹೆಸರು, ಎಲ್ಲವನ್ನೂ ರೋಮ್ ಜೋಪಾನವಾಗಿ ಕಾಪಾಡಿತು. ಕಾಪಾಡದೆ ಬಿಟ್ಟದ್ದು ಒಂದನ್ನು ಮಾತ್ರ: ದೇಶದಲ್ಲಿ ಎಲ್ಲರಿಗಿಂತ ಬಲಿಷ್ಠನಾದವನು ಗೊತ್ತಾದ ದಿನ ಅಧಿಕಾರ ಬಿಟ್ಟಿಳಿದು, ಎಲ್ಲರಂತೆ ಬೀದಿಯಲ್ಲಿ ನಡೆದು, ಕೇಳಿದವರಿಗೆ ಲೆಕ್ಕ ಒಪ್ಪಿಸಬೇಕೆಂಬುದನ್ನು.